ಎಡಗಡೆಯ ಉಸಿರು

ಗಿರಣಿ ಅನ್ನುವುದು ಅವಳಿಗೆ ಸೋದರಮಾವ ಇಟ್ಟ ಹೆಸರು. ನೀರಿಗೆ ಬಿದ್ದರೆ ಸಾಕು, ಎರಡೂ ಕೈ ಗರಗರ ತಿರುಗಿಸಿ, ಕಾಲು ದಬದಬ ಬಡಿದು, ಅಕ್ಕಪಕ್ಕದವರ ಬಾಯಿಗೆಲ್ಲ ನೀರು ತುಂಬಿಸಿ, ಕೊಳದ ಆಚೆ ಗೋಡೆ ಮುಟ್ಟುವಷ್ಟರಲ್ಲಿ ಮುಖ ಕೆಂಪಗಾಗಿ ಏದುಸಿರು ಬಿಡುತ್ತಿದ್ದಳು. "ಸದ್ದು ಕೇಳಿದ್ರೆ ಊರಿಗೆಲ್ಲ ಹಿಟ್ಟು ಬೀಸ್ತಿದಾಳೆ ಅನ್ಬೇಕು, ಮುಂದಕ್ಕೆ ನೋಡಿದ್ರೆ ಗೇಣುದ್ದ ಹೋಗಿರಲ್ಲ" ಎಂದು ಮಾವ ನಗುತ್ತಿದ್ದ. ಊರಿನ ಈಜುಕೊಳದ ತರಬೇತುದಾರ ಅವನೇ. ಅವನ ಮಗಳು ಮಿಂಚು. ಆ ಹೆಸರೂ ಅವನದೇ, ಯಾಕೆಂದರೆ ಕೊಳದ ಒಂದು ಉದ್ದ ಈಜುವುದರಲ್ಲಿ ಅವಳನ್ನು ಹಿಡಿಯುವವರು ಇರಲಿಲ್ಲ. ಎರಡನೇ ಉದ್ದಕ್ಕೆ ಮಿಂಚು ಮಂಕಾಗುತ್ತಿತ್ತು. ಮೂರನೇ ಉದ್ದಕ್ಕೆ ಗೋಡೆ ಹಿಡಿದು "ಅಪ್ಪಾ, ಪಕ್ಕೆ ಹಿಡ್ಕೊಂಡ್ತು" ಎಂದು ರಾಗ ಎಳೆಯುತ್ತಿತ್ತು.

ಗಿರಣಿಗೆ ಪಕ್ಕೆ ಹಿಡಿಯುತ್ತಿರಲಿಲ್ಲ. ದೊಡ್ಡ ಹೋಟೆಲೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ಯಂತ್ರದ ಬಾಯಿಂದ ಒದ್ದೆ ಹಾಸಿಗೆ ಬಟ್ಟೆಗಳ ಮುದ್ದೆ ಎಳೆದು, ಕೊಡವಿ, ಬಿಸಿ ರೋಲರಿಗೆ ಕೊಡಬೇಕು. ನೆಲಮಾಳಿಗೆ, ಕಿಟಕಿ ಇಲ್ಲ, ಹಬೆ ಬೇಕಾದಷ್ಟು. ಬ್ಲೀಚಿಗೆ ಅವಳ ಬೆರಳ ತುದಿಗಳು ಯಾವಾಗಲೂ ಸುಲಿದಿರುತ್ತಿದ್ದವು. ಅಲ್ಲಿ ಬೆಳೆದ ತೋಳುಗಳವು. ಸುಸ್ತು ಅಂದರೇನು ಅಂತ ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಥ ಹೊತ್ತಲ್ಲಿ ಬಂದರಿನ ರಕ್ಷಣಾ ದಳದ ಸುದ್ದಿ ಬಂತು. ಒಬ್ಬಳೇ ಒಬ್ಬಳು ಈಜುಗಾರ್ತಿಯನ್ನು ತೆಗೆದುಕೊಳ್ಳುತ್ತಾರೆ. ಖಾಯಂ ಕೆಲಸ, ಸಮವಸ್ತ್ರ, ಬಯಲು ಗಾಳಿ. ಈ ದಡದಿಂದ ಕೊಲ್ಲಿ ದಾಟಿ ಆಚೆ ದಡ ಮೊದಲು ಮುಟ್ಟಿದವಳಿಗೆ ಆ ಕೆಲಸ. ಅಷ್ಟೇ, ಬೇರೆ ಮಾತಿಲ್ಲ.

ಮಾವ ಆ ಸಂಜೆಯೇ ಮನೆಗೆ ಬಂದ. ಅಕ್ಕ ಕೊಟ್ಟ ಟೀ ಲೋಟ ಹಿಡಿದು ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇದು ನಿನ್ನ ಕೆಲಸ ಕಣೇ ಗಿರಣಿ. ಬೇರೆ ಯಾರಿಗೂ ಹೋಗೋಕೆ ನಾನು ಬಿಡಲ್ಲ."

"ನನ್ನ ಈಜು ನೋಡಿ ನೀನೇ ನಗ್ತೀಯಲ್ಲ ಮಾವಾ."

"ನಿನ್ನ ದಮ್ಮಿಗೆ ನಗ್ತೀನೇನೇ? ನಿನ್ನ ಸ್ಟ್ರೋಕಿಗೆ ನಗೋದು. ದಮ್ಮು ಹುಟ್ಟಿಸೋಕಾಗಲ್ಲ. ಸ್ಟ್ರೋಕು ತಿದ್ದಬಹುದು."

"ಮಿಂಚೂ ಬರ್ತಾಳಾ?"

"ಅವಳ ಕೈಲಿ ಎಲ್ಲಾಗುತ್ತೆ ಅಷ್ಟು ದೂರ? ನಿನಗೆ ಜೊತೆಗಿರ್ಲಿ ಅಂತ ಹೆಸರು ಕೊಡಿಸ್ತೀನಿ. ನಡುನೀರಲ್ಲಿ ಒಂಟಿ ಅನ್ನಿಸಬಾರದಲ್ಲ."

ಅಮ್ಮನಿಗಂತೂ ತಮ್ಮನ ಮಾತು ಕೇಳಿ ಕಣ್ಣು ತುಂಬಿ ಬಂತು. ಇನ್ನೊಂದು ಲೋಟ ಟೀ ಸುರಿದಳು.

ಮರುದಿನದಿಂದ ಬೆಳಿಗ್ಗೆ ಬೆಳಿಗ್ಗೆ ಪಾಠ. ಮಾವನ ಪಾಠ ಅಂದರೆ ಪಾಠವೇ, ಅದರಲ್ಲಿ ಎರಡು ಮಾತಿಲ್ಲ. ಅವನು ಮೊದಲು ಅವಳ ತಲೆ ತಗ್ಗಿಸಿದ. "ಮುಂದೆ ನೋಡ್ತಾ ಈಜಿದ್ರೆ ಸೊಂಟ ಮುಳುಗುತ್ತೆ. ಸೊಂಟ ಮುಳುಗಿದ್ರೆ ನೀನು ಈಜ್ತಿಲ್ಲ, ಗುಡ್ಡ ಹತ್ತುತಿದೀಯ. ಕೊಳದ ತಳ ನೋಡು." ತಲೆ ತಗ್ಗಿಸಿದ್ದೇ ತಡ, ಕಾಲುಗಳು ತಾವಾಗಿ ಮೇಲೆ ಬಂದವು! ಆಮೇಲೆ ಕೈ. ಅವಳ ಕೈ ನೀರಿಗಿಳಿಯುವಾಗ ತಲೆಯ ಮುಂದೆ ಅಡ್ಡ ದಾಟಿ ಆಚೆ ಬೀಳುತ್ತಿತ್ತು, ಅದಕ್ಕೇ ಹಾವಿನ ಹಾಗೆ ಅತ್ತ ಇತ್ತ ಹೊರಳುತ್ತಿದ್ದಳು. "ಭುಜದ ನೇರಕ್ಕೆ ಇಳಿಸು. ಇಳಿಸಿದ ಕೂಡ್ಲೇ ಎಳೀಬೇಡ, ಮುಂದಕ್ಕೆ ಚಾಚು, ಮೇಲಿನ ಕಪಾಟಿಂದ ಡಬ್ಬ ತೆಗೀತಿದೀಯ ಅನ್ಕೋ. ಈಗ ಮೊಣಕೈ ಮೇಲೇ ಇಟ್ಕೊಂಡು ಮುಂಗೈ ಮಾತ್ರ ಕೆಳಗೆ ಬಾಗಿಸು. ಪೀಪಾಯಿ ತಬ್ಬಿದ ಹಾಗೆ. ಹಾಂ, ಈಗ ಎಳಿ!" ಅಂಗೈ ಒಂದೇ ಅಲ್ಲ, ಬೆರಳಿಂದ ಮೊಣಕೈವರೆಗೆ ಇಡೀ ಮುಂಗೈ ಹುಟ್ಟಾಗಿ ನೀರನ್ನು ಹಿಡಿಯಿತು. ನೀರನ್ನು ಹೀಗೆ ಹಿಡಿಯಲು ಆಗುತ್ತದೆ ಅಂತಲೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮುಷ್ಟಿ ಬಿಗಿದು ಈಜಿಸಿದ, ಅಂಗೈ ಇಲ್ಲದಿದ್ದರೆ ಮುಂಗೈ ತಾನೇ ಕೆಲಸ ಕಲಿಯುತ್ತದೆ ಎಂದು. ಭುಜದಿಂದಲ್ಲ, ಸೊಂಟದಿಂದ ಹೊರಳಲು ಕಲಿಸಿದ. ಕಾಲನ್ನಂತೂ ಹೆಚ್ಚು ಕಡಿಮೆ ಮಲಗಿಸಿಯೇಬಿಟ್ಟ. "ನೊರೆ ಎಬ್ಬಿಸಿ ಯಾರಿಗೆ ತೋರಿಸ್ಬೇಕು? ಒಂದು ಕೈಗೆ ಒಂದು ಕಾಲು, ಅಷ್ಟೇ. ಸದ್ದು ಕೇಳಿಸ್ಬಾರದು."

ದಿನ ಕಳೆದ ಹಾಗೆ ಗಿರಣಿಯ ಸದ್ದು ಅಡಗಿತು. ಮೊದಲಿಗಿಂತ ಕಡಿಮೆ ಕೈ ಬೀಸಿ, ಮೊದಲಿಗಿಂತ ಬೇಗ ಆಚೆ ಗೋಡೆ ಸೇರುತ್ತಿದ್ದಳು. ಅದರ ಖುಷಿ ಎಷ್ಟೆಂದರೆ ಹೋಟೆಲಿನ ನೆಲಮಾಳಿಗೆಯಲ್ಲೂ ನಿಂತಲ್ಲೇ ಮೊಣಕೈ ಎತ್ತಿ, ಗಾಳಿಯಲ್ಲಿ ಪೀಪಾಯಿ ತಬ್ಬಿ, ಮೇಲ್ವಿಚಾರಕಿಯ ಕೈಲಿ "ಯಾರನ್ನೇ ಅಪ್ಕೊಳ್ತಿದೀಯ?" ಅನ್ನಿಸಿಕೊಂಡಳು.

ಒಂದೇ ಒಂದು ತಿದ್ದುಪಾಟು ಅವಳಿಗೆ ಕಷ್ಟವಾಯಿತು. ಅವಳು ಚಿಕ್ಕಂದಿನಿಂದ ಎಡಕ್ಕೆ ಮುಖ ತಿರುಗಿಸಿ ಉಸಿರೆಳೆಯುತ್ತಿದ್ದವಳು. ಮಾವ ಅದನ್ನು ಪೂರ್ತಿ ಬಿಡಿಸಿದ.

"ಎಡಕ್ಕೆ ತಿರುಗಿದಾಗ ನಿನ್ನ ಬಲಗೈ ಕುಸೀತಿದೆ. ಎಡ ಮರೆತುಬಿಡು. ಬಲಕ್ಕೆ ಮಾತ್ರ."

"ಬಲಕ್ಕೆ ತಿರುಗಿದ್ರೆ ಕುತ್ತಿಗೆ ಹಿಡ್ಕೊಳ್ಳುತ್ತೆ ಮಾವಾ."

"ಹಿಡ್ಕೊಳ್ಳುತ್ತೆ, ಬಿಡುತ್ತೆ. ನನ್ನ ಮೇಲೆ ನಂಬಿಕೆ ಇದೆಯೋ ಇಲ್ವೋ?"

ಇದೆಂಥ ಪ್ರಶ್ನೆ! ಅವಳ ಅಪ್ಪ ಹೋದ ಮೇಲೆ ಅವಳ ಕೈ ಹಿಡಿದು ನೀರಿಗಿಳಿಸಿದವನು ಅವನು. ಕುತ್ತಿಗೆಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಬಲವನ್ನು ಕಲಿತಳು.

ಸಮುದ್ರದಲ್ಲಿ ಗೋಡೆ ಇರುವುದಿಲ್ಲವೆಂದು ಮಾವ ಕೊಳದ ಹಗ್ಗಗಳನ್ನೆಲ್ಲ ಬಿಚ್ಚಿಸಿ ಇಬ್ಬರಿಗೂ ಸುತ್ತು ಹೊಡೆಸುತ್ತಿದ್ದ. ಗಿರಣಿ ಮುಂದೆ, ಮಿಂಚು ಹಿಂದೆಲ್ಲೋ. ನಡುನಡುವೆ ಮೊಸಳೆಯ ಹಾಗೆ ಕಣ್ಣಷ್ಟೇ ನೀರಿಂದ ಮೇಲೆತ್ತಿ ಗುರಿ ನೋಡಿಕೊಳ್ಳುವುದನ್ನು ಗಿರಣಿಗೆ ಕಲಿಸಿದ. ಮಿಂಚೂ ಕಲಿಯಲಿ ಎಂದು ಅವಳು ಅಂದರೆ "ಅವಳಿಗ್ಯಾಕೆ? ನೀನಿದೀಯಲ್ಲ" ಎಂದು ನಕ್ಕ. ಗಿರಣಿಯೂ ನಕ್ಕಳು. ಹಾಗೆ ದಿನಾ ಮೂರನೇ ಉದ್ದಕ್ಕೆ ಪಕ್ಕೆ ಹಿಡಿದುಕೊಳ್ಳುತ್ತಿದ್ದ ಮಿಂಚು ಈಚೆಗೆ ಎಷ್ಟು ಸುತ್ತಾದರೂ ಸುಸ್ತಿಲ್ಲದೆ ಬರುತ್ತಿದ್ದುದು ಗಿರಣಿಗೆ ಸಂತೋಷವನ್ನೇ ಕೊಟ್ಟಿತು. ಪರವಾಗಿಲ್ಲ, ಇವಳಿಗೂ ದಮ್ಮು ಬಂತು ಅಂದುಕೊಂಡಳು.

ಸ್ಪರ್ಧೆಯ ದಿನ ಬೆಳಿಗ್ಗೆ ಮರಳ ಮೇಲೆ ಹೆಂಗಸರ ಸಾಲು. ಆಚೆ ದಡದ ಕಲ್ಲುಕಟ್ಟೆಯ ಹತ್ತಿರ ಕಿತ್ತಳೆ ಬಣ್ಣದ ತೇಲುಗುಂಡು ಬಿಂದುವಿನಷ್ಟು ಕಾಣುತ್ತಿತ್ತು. ಮಾವ ಆಗಲೇ ರಕ್ಷಣಾ ದಳದವರ ಜೊತೆ ಆಚೆ ದಡಕ್ಕೆ ಹೋಗಿದ್ದ. ಹೋಗುವ ಮುಂಚೆ ಇಬ್ಬರ ತಲೆಯನ್ನೂ ಸವರಿ "ಗಿರಣಿ, ತಲೆ ತಗ್ಗಿಸು, ಉದ್ದಕ್ಕೆ ಚಾಚು, ಹಿಂದೆ ಮುಂದೆ ಯೋಚಿಸ್ಬೇಡ" ಅಂದಿದ್ದ. ಮಿಂಚು ಟೋಪಿಯ ಅಂಚನ್ನು ಎಳೆದೆಳೆದು ಸರಿಮಾಡುತ್ತಲೇ ಇದ್ದಳು.

"ಹೆದರಿಕೆನಾ?" ಗಿರಣಿ ಕೇಳಿದಳು.

"ಚಳಿ" ಅಂದಳು ಮಿಂಚು, ಬೇರೆಲ್ಲೋ ನೋಡುತ್ತ.

ಸೀಟಿ ಕೇಳಿತು. ಮೊದಲಿಗೆ ಯಾರ ಕೈ ಯಾರ ಮೂಗಿಗೆ ಬಿತ್ತೋ ಗೊತ್ತಾಗದಷ್ಟು ಗದ್ದಲ. ಆಮೇಲೆ ನೀರು ತೆರವಾಯಿತು. ಗಿರಣಿ ತಲೆ ತಗ್ಗಿಸಿದಳು, ಚಾಚಿದಳು, ತಬ್ಬಿದಳು, ಎಳೆದಳು. ಅಯ್ಯೋ, ಏನು ಈಜು ಅದು! ಒಂದು ಕೈ ಮುಗಿಯುವಷ್ಟರಲ್ಲಿ ಇನ್ನೊಂದು ಕೈ ಕಾದಿರುತ್ತಿತ್ತು. ಮೊಸಳೆಗಣ್ಣು ಎತ್ತಿದಾಗಲೆಲ್ಲ ಕಿತ್ತಳೆ ಬಿಂದು ನೇರ ಮೂಗಿನ ಮುಂದೆ. ಬಲಕ್ಕೆ ಉಸಿರೆಳೆದಾಗ ಬರೀ ನೀರು, ಆಕಾಶ, ಪಕ್ಕದಲ್ಲಿ ಕಾವಲಿಗೆ ಬರುತ್ತಿದ್ದ ಒಂದು ದೋಣಿ. ತಾನು ಎಲ್ಲರಿಗಿಂತ ಮುಂದಿದ್ದೇನೆ, ಒಂಟಿಯಾಗಿದ್ದೇನೆ ಅಂತ ಅವಳಿಗೆ ಗೊತ್ತಾಯಿತು. ಕಿಟಕಿ ಇಲ್ಲದ ಆ ನೆಲಮಾಳಿಗೆ ಹಿಂದೆ ಹಿಂದೆ ಹೋಗುತ್ತಿತ್ತು.

ಕೊಲ್ಲಿಯ ನಡುಮಧ್ಯ ಬಲಗಡೆಯಿಂದ ಒಂದು ಮೋಟಾರು ಹಡಗು ಹಾದು ಅಲೆ ಎಬ್ಬಿಸಿತು. ಬಾಯಿ ತೆರೆದ ಹೊತ್ತಿಗೇ ಸರಿಯಾಗಿ ಅಲೆ ಬಂದು ಉಪ್ಪುನೀರು ಗಂಟಲಿಗೆ ಹೋಯಿತು. ಕೆಮ್ಮಿದಳು. ಇನ್ನೊಂದು ಅಲೆ. ಬೇರೆ ದಾರಿಯಿಲ್ಲದೆ, ಇಷ್ಟು ತಿಂಗಳಲ್ಲಿ ಮೊದಲ ಸಲ, ಎಡಕ್ಕೆ ಮುಖ ತಿರುಗಿಸಿದಳು.

ಒಂದು ಮೊಳ ದೂರದಲ್ಲಿ ಮಿಂಚುವಿನ ಮುಖ ಇತ್ತು.

ಅವಳ ತಲೆ ಗಿರಣಿಯ ಸೊಂಟದ ಪಕ್ಕದಲ್ಲಿ, ಅಂಟಿಸಿಟ್ಟ ಹಾಗೆ. ಗಿರಣಿಯ ಮೈ ಸೀಳಿದ ನೀರಿನ ಅಲೆಯ ಮೇಲೆ ಒರಗಿಕೊಂಡು, ಅರ್ಧ ಶ್ರಮಕ್ಕೆ ಬರುತ್ತಿದ್ದಳು. ಲಾರಿ ಹಿಂದೆ ಹೋಗುವ ಸೈಕಲ್ಲಿನವನಿಗೆ ಗಾಳಿ ತಾಗುವುದಿಲ್ಲವಲ್ಲ, ಹಾಗೆ. ಉಸಿರು ಒಂಚೂರೂ ಏರಿರಲಿಲ್ಲ. ಈಜುಗನ್ನಡಕದೊಳಗಿನ ಕಣ್ಣುಗಳು ನೆಟ್ಟಗೆ ಗಿರಣಿಯನ್ನೇ ನೋಡುತ್ತಿದ್ದವು. ಆ ಕಣ್ಣುಗಳಲ್ಲಿ ಆಶ್ಚರ್ಯ ಇರಲಿಲ್ಲ. ಸಿಕ್ಕಿಬಿದ್ದೆ ಅನ್ನುವುದೊಂದೇ ಇತ್ತು.

ಗಿರಣಿ ವೇಗ ಕಡಿಮೆ ಮಾಡಿದಳು. ಮಿಂಚೂ ಕಡಿಮೆ ಮಾಡಿದಳು. ಗಿರಣಿ ಜೋರು ಮಾಡಿದಳು. ಮಿಂಚೂ ಜೋರಾದಳು, ಒಂದು ಕೈಯೂ ತಪ್ಪದೆ. ಇಷ್ಟು ಚೆನ್ನಾಗಿ ಅಂಟಿಕೊಳ್ಳಲು ಒಂದು ದಿನದಲ್ಲಿ ಬರುವುದಿಲ್ಲ. ತಿಂಗಳುಗಟ್ಟಲೆ ಅಭ್ಯಾಸ ಬೇಕು. ಯಾರ ಪಕ್ಕದಲ್ಲಿ ಅಭ್ಯಾಸ? ಹಗ್ಗ ಬಿಚ್ಚಿದ ಕೊಳ, ಆ ಸುತ್ತುಗಳು, ಎಡ ಮರೆತುಬಿಡು ಅಂದ ಮಾವ, ಎಲ್ಲ ಒಂದಕ್ಕೊಂದು ಗಂಟು ಬಿದ್ದವು. ನೇರಕ್ಕೆ ಈಜುವವಳು ಬೇಕಿತ್ತು. ಒಂದೇ ಹದದಲ್ಲಿ, ನೊರೆ ಎಬ್ಬಿಸದೆ, ದಾರಿ ನೋಡಿಕೊಂಡು, ಎಡಕ್ಕೆ ಮಾತ್ರ ನೋಡದೆ ಈಜುವವಳು. ಮಾವ ಅಂಥವಳನ್ನು ಕೂತು ತಯಾರು ಮಾಡಿದ್ದ. ಕೊನೆಯ ಒಂದು ಉದ್ದ ಮಾತ್ರ ಉಳಿದಾಗ ಮಿಂಚು ಮಿಂಚಬೇಕು. ಅದು ಅವಳಿಗೆ ಮೊದಲಿಂದಲೂ ಬರುತ್ತಿತ್ತು.

ಗಿರಣಿ ನಿಂತುಬಿಟ್ಟಳು. ನಡುನೀರಲ್ಲಿ, ಕಾಲು ಆಡಿಸುತ್ತ, ತಲೆ ಮೇಲೆತ್ತಿ.

ಮಿಂಚು ಅವಳ ಭುಜಕ್ಕೆ ಬಂದು ತಾಗಿ ತಾನೂ ನಿಂತಳು.

"ಯಾಕೇ ನಿಂತೆ? ಹೋಗೇ!"

"ಎಷ್ಟು ದಿನದಿಂದ?"

"ಏನೆಷ್ಟು ದಿನ? ಆಮೇಲೆ ಮಾತಾಡೋಣ, ಈಗ ಹೋಗು, ಅವರೆಲ್ಲ ಹತ್ತಿರ ಬರ್ತಿದಾರೆ."

"ಮಿಂಚೂ, ಎಷ್ಟು ದಿನದಿಂದ?"

"ಮೊದಲಿಂದಾನೇ" ಅಂದಳು ಮಿಂಚು. ಬಾಯಿಗೆ ಬಂದ ನೀರನ್ನು ಉಗಿದಳು. "ಅಪ್ಪ ಹೇಳಿದ್ರು. ತಪ್ಪೇನಲ್ಲ ಅಂದ್ರು, ನಿಯಮದಲ್ಲಿ ಬೇಡ ಅಂತ ಇಲ್ವಂತೆ. ನಿನಗೆ ಹೋಟೆಲ್ ಕೆಲಸ ಇದೆಯಲ್ಲೇ. ನಂಗೇನಿದೆ ಹೇಳು? ಬೆಳಿಗ್ಗೆಯಿಂದ ಅಮ್ಮನ ಬಾಯಿಗೆ ಸಿಕ್ಕೊಂಡು ಮನೇಲಿ ಬಿದ್ದಿರ್ತೀನಿ."

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ಬಿಟ್ಟುಕೊಡ್ತಿದ್ದೆಯಾ?"

ದೋಣಿಯವನು ಹುಟ್ಟು ನಿಲ್ಲಿಸಿ ಕೂಗಿದ: "ಏನ್ರಮ್ಮಾ, ನಲ್ಲಿ ಹತ್ರ ನಿಂತಿದೀವಿ ಅನ್ಕೊಂಡ್ರಾ? ಆಗಲ್ಲ ಅಂದ್ರೆ ಹತ್ತಿ, ಆಗುತ್ತೆ ಅಂದ್ರೆ ಈಜಿ!"

"ಈಗ ನೀನು ಮುಂದೆ ಹೋಗು" ಅಂದಳು ಗಿರಣಿ.

"ಏನು?"

"ಮುಂದೆ ಹೋಗು. ಗೆಲ್ಲು. ನಾನಿನ್ನು ನಿನ್ನನ್ನ ಎಳ್ಕೊಂಡು ಹೋಗಲ್ಲ."

ಮಿಂಚು ಒಂದು ಗಳಿಗೆ ಅವಳ ಮುಖ ನೋಡಿದಳು. ಹಿಂದೆ ಒಂದು ಕೆಂಪು ಟೋಪಿ ಏಳುತ್ತ ಬೀಳುತ್ತ ಹತ್ತಿರವಾಗುತ್ತಿತ್ತು. ಯಾವುದೋ ಶಾಲೆಯ ವ್ಯಾಯಾಮದ ಮೇಡಂ, ವಯಸ್ಸಲ್ಲಿ ಎಲ್ಲರಿಗಿಂತ ಹಿರಿಯಳು. ಮಿಂಚು ತಲೆ ನೀರಿಗಿಳಿಸಿ ಹೊರಟೇಬಿಟ್ಟಳು. ಎಂಥ ವೇಗ! ಆದರೆ ದಾರಿ? ದಾರಿ ನೋಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲವಲ್ಲ. ಇಷ್ಟು ದಿನ ಅವಳು ನೋಡಿದ್ದು ಗಿರಣಿಯ ಸೊಂಟವನ್ನು ಮಾತ್ರ. ಸೆಳವು ಎಡಕ್ಕಿತ್ತು. ಅವಳು ಎಡಕ್ಕೆ, ಇನ್ನೂ ಎಡಕ್ಕೆ, ಮೀನುಗಾರರ ದೋಣಿಗಳು ಕಟ್ಟಿದ್ದ ಕಡೆಗೆ ಬಾಣದ ಹಾಗೆ ಹೋಗುತ್ತಿದ್ದಳು.

ಗಿರಣಿ ಸುಮ್ಮನೆ ನೋಡಬಹುದಿತ್ತು. ನೋಡಲಾಗಲಿಲ್ಲ.

"ಮಿಂಚೂ! ಬಲಕ್ಕೆ! ಬಲಕ್ಕೆ ಬಾರೇ!"

ಮಿಂಚು ತಲೆಯೆತ್ತಿದಳು. ಕೇಳಿಸಿತ್ತು. ತಿರುಗಿ ನೋಡಿ ಕೂಗಿದಳು: "ಸುಳ್ಳು ಹೇಳ್ತಿದೀಯ! ನನ್ನ ದಾರಿ ತಪ್ಪಿಸ್ತಿದೀಯ!" ಮತ್ತೆ ಮುಖ ಮುಳುಗಿಸಿ ಎಡಕ್ಕೇ ಹೋದಳು. ದೋಣಿಯವನು ತಲೆ ಚಚ್ಚಿಕೊಂಡು ಅವಳನ್ನು ಹತ್ತಿಸಿಕೊಳ್ಳಲು ದೋಣಿ ತಿರುಗಿಸಿದ.

ಅಷ್ಟರಲ್ಲಿ ಕೆಂಪು ಟೋಪಿ ಪಕ್ಕದಲ್ಲೇ ಹಾದುಹೋಯಿತು. ಆ ಮೇಡಂ ಈಜಿಗೆ ಅಂದ ಚಂದ ಏನಿರಲಿಲ್ಲ. ಮೊಣಕೈ ಕುಸಿದಿತ್ತು, ಕಾಲು ಕತ್ತರಿಯ ಹಾಗೆ ಆಡುತ್ತಿತ್ತು. ಆದರೆ ಹೋಗುತ್ತಿದ್ದಳು. ಗಿರಣಿ ಬೆನ್ನು ಹತ್ತಿದಳು. ಅಳು ಬಂದು ಕನ್ನಡಕದ ಒಳಗೇ ತುಂಬಿಕೊಂಡಿತು. ಹೊರಗೆ ಉಪ್ಪುನೀರು, ಒಳಗೂ ಉಪ್ಪುನೀರು, ತೇಲುಗುಂಡು ಎರಡೆರಡಾಗಿ ಕಾಣುತ್ತಿತ್ತು. ಚಾಚು ಅಂದರೆ ಮಾವನ ದನಿ. ತಬ್ಬು ಅಂದರೆ ಮಾವನ ದನಿ. ಬೇಡ ಅಂತ ಹಳೆಯ ಗಿರಣಿಯ ಹಾಗೆ ಗರಗರ ಕೈ ತಿರುಗಿಸಿ ನೋಡಿದಳು. ಬರಲಿಲ್ಲ. ಮೈ ಕಲಿತದ್ದನ್ನು ಬಿಡಲು ಒಪ್ಪಲಿಲ್ಲ. ಆ ಸುಂದರವಾದ, ಸದ್ದಿಲ್ಲದ, ಹಾಳಾದ ಸ್ಟ್ರೋಕಿನಲ್ಲೇ ಹೋಗಬೇಕಾಯಿತು. ಕೆಂಪು ಟೋಪಿಯ ಪಾದ ಸಿಕ್ಕಿತು, ಮೊಣಕಾಲು ಸಿಕ್ಕಿತು, ಸೊಂಟ ಸಿಕ್ಕಿತು. ಭುಜ ಸಿಗುವಷ್ಟರಲ್ಲಿ ಕಲ್ಲುಕಟ್ಟೆ ಬಂತು.

ಮೇಡಂ ಕೈ ಮೊದಲು ಕಲ್ಲು ಮುಟ್ಟಿತು. ಮುಟ್ಟಿದವಳು ಕಟ್ಟೆ ಹಿಡಿದು "ಅಮ್ಮಾ" ಅಂತ ಒಂದೇ ಸಮನೆ ನಗಲು ಶುರುಮಾಡಿದಳು.

ಗಿರಣಿ ಮೆಟ್ಟಿಲು ಹತ್ತಿ ಬಂದಾಗ ಮಾವ ಟವೆಲ್ ಹಿಡಿದು ನಿಂತಿದ್ದ. ಅವನು ನೋಡುತ್ತಿದ್ದುದು ಅವಳನ್ನಲ್ಲ. ಅವಳ ತಲೆಯಾಚೆ, ನೀರನ್ನು.

"ಮಿಂಚು ಎಲ್ಲಿ?"

"ದೋಣೀಲಿ ಬರ್ತಿದಾಳೆ. ಏನೂ ಆಗಿಲ್ಲ."

"ದೋಣೀಲಾ? ಅವಳನ್ನ ಬಿಟ್ಟು ಬಂದ್ಯಾ? ನಡುನೀರಲ್ಲಿ ಕೈ ಬಿಟ್ಟು ಬಂದ್ಯಾ?"

ಅವನ ಮುಖದಲ್ಲಿ ನಿಜವಾದ ನೋವಿತ್ತು. ಮೋಸ ಹೋದವನ ಮುಖ. ಗಿರಣಿಗೆ ಒಂದು ಕ್ಷಣ ತಾನೇ ಏನೋ ಮಾಡಬಾರದ್ದು ಮಾಡಿದೆನೇನೋ ಅನ್ನಿಸಿಬಿಟ್ಟಿತು.

"ನೋಡಿದೆ ಮಾವಾ" ಅಂದಳು. "ಎಡಕ್ಕೆ ತಿರುಗಿ ನೋಡಿದೆ."

ಮಾವ ಟವೆಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ದನಿ ತಗ್ಗಿಸಿದ.

"ಸುಮ್ನೆ ಈಜಿದ್ರೆ ಕೆಲಸ ಮನೆಗೇ ಬರ್ತಿತ್ತಲ್ಲೇ. ಈಗ ಹೊರಗಿನೋರ ಪಾಲಾಯ್ತು."

"ಯಾರ ಮನೆಗೆ?"

"ಅವಳು ಬೇರೆ, ನೀನು ಬೇರೆನಾ? ಇಬ್ರನ್ನೂ ಒಂದೇ ತೊಡೆ ಮೇಲೆ ಕೂರಿಸ್ಕೊಂಡು ಬೆಳೆಸಿದೋನು ನಾನು."

"ಒಂದು ಮಾತು ಕೇಳ್ತೀನಿ, ನಿಜ ಹೇಳ್ತೀಯಾ? ಎಡಕ್ಕೆ ಉಸಿರು ತಗೊಂಡ್ರೆ ನನ್ನ ಬಲಗೈ ಕುಸೀತಿತ್ತಾ?"

ಮಾವ ಅತ್ತ ಇತ್ತ ನೋಡಿದ. ಮನುಷ್ಯರ ವಿಷಯಕ್ಕೆ ಏನು ಬೇಕಾದರೂ ಹೇಳಬಲ್ಲವನಿಗೆ ಸ್ಟ್ರೋಕಿನ ವಿಷಯಕ್ಕೆ ಎದುರಿಗೇ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ.

"ಇಲ್ಲ" ಅಂದ. "ಎಡ ಚೆನ್ನಾಗೇ ಇತ್ತು. ಬಲಕ್ಕಿಂತ ಚೆನ್ನಾಗಿತ್ತು."

ಅವಳು ಟವೆಲಿಗೆ ಕೈ ಚಾಚಲಿಲ್ಲ. ಅವನೂ ಕೊಡಲಿಲ್ಲ. ಅವನ ಕಣ್ಣು ಮತ್ತೆ ದೋಣಿಯ ಕಡೆ ಹೋಗಿತ್ತು.

ಆಗ ರಕ್ಷಣಾ ದಳದ ಮುಖ್ಯಸ್ಥೆ, ಗಿಡ್ಡ ಕೂದಲಿನ ದಪ್ಪ ಹೆಂಗಸು, ಕೊರಳಲ್ಲಿ ದುರ್ಬೀನು ತೂಗಿಸಿಕೊಂಡು ಅವರ ಬಳಿಗೇ ಬಂದಳು.

"ನಡುವೆ ನಿಂತು ಹರಟೆ ಹೊಡೆದೋಳು ನೀನೇ ಅಲ್ವಾ? ಯಾಕೆ ನಿಂತೆ ಅಂತ ಕೇಳಲ್ಲ, ನಿನ್ನ ಹಣೆಬರಹ. ಮುಂದಿನ ವರ್ಷ ಇನ್ನೊಂದು ಜಾಗ ಆದ್ರೂ ಆಗಬಹುದು, ಆಗದೇ ಇರಲೂಬಹುದು. ಆದ್ರೆ ಇಷ್ಟು ವರ್ಷದಲ್ಲಿ ಇಂಥ ಸ್ಟ್ರೋಕು ನಾನು ನೋಡಿಲ್ಲ ಕಣಮ್ಮ. ಯಾರು ಕಲಿಸಿದ್ದು ನಿನಗೆ?"

ಮೈಯಿಂದ ಇಳಿದ ನೀರು ಕಲ್ಲಿನ ಮೇಲೆ ಮಡುಗಟ್ಟಿತ್ತು. ಗಿರಣಿಗೆ ಚಳಿಯಾಗಲು ಶುರುವಾಯಿತು. ಯಾರೂ ಕಲಿಸಿಲ್ಲ ಅಂದರೆ ಸುಳ್ಳಾಗುತ್ತಿತ್ತು. ಇವತ್ತಿಗೆ ಅವಳಿಗೆ ಸುಳ್ಳು ಸಾಕಾಗಿತ್ತು.

"ಇವರೇ" ಅಂದಳು. "ನಮ್ಮ ಸೋದರಮಾವ."

ಮುಖ್ಯಸ್ಥೆ ಅವನ ಕಡೆ ಕೈ ಚಾಚಿದಳು. ಮಾವ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಅಂಗಿಯ ಕಾಲರು ಸರಿಮಾಡಿ, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಮುಖ ಅರಳಿತು. ನಾಟಕವಲ್ಲ, ನಿಜವಾಗಿ ಅರಳಿತು. "ನಮ್ಮ ಹುಡುಗಿ ಮೇಡಂ, ಚಿಕ್ಕೋಳಿದ್ದಾಗಿಂದ ನನ್ನ ಕೈಯಲ್ಲೇ" ಎಂದು ಶುರುಮಾಡಿದ. ಮೊಣಕೈ ಹೇಗೆ ತಿದ್ದಿದೆ, ಸೊಂಟ ಹೇಗೆ ಹೊರಳಿಸಿದೆ ಎಂದು ಗಾಳಿಯಲ್ಲಿ ಕೈ ಬೀಸಿ ತೋರಿಸತೊಡಗಿದ. ಅಷ್ಟು ಪ್ರೀತಿಯಿಂದ ಅವಳ ಬಗ್ಗೆ ಅವನು ಮಾತಾಡಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ದಳದವರು ಆಚೆ ದಡದಿಂದ ತಂದಿಟ್ಟಿದ್ದ ರಾಶಿಯಲ್ಲಿ ಗಿರಣಿ ತನ್ನ ಚೀಲ ಹುಡುಕಿ ಎತ್ತಿಕೊಂಡಳು. ಒದ್ದೆ ಮೈಮೇಲೇ ಅಂಗಿ ಏರಿಸಿಕೊಂಡು ಬಸ್ಸು ನಿಲ್ಲುವ ಕಡೆ ನಡೆದಳು. ಮಧ್ಯಾಹ್ನದ ಪಾಳಿಗೆ ಇನ್ನೂ ಹೊತ್ತಿತ್ತು. ಅದಕ್ಕಿಂತ ಮುಂಚೆ ಮನೆಗೆ ಹೋಗಬೇಕು. ತಮ್ಮನ ಬಾಯಿಂದ ಸುದ್ದಿ ಕೇಳಲು ಬಾಗಿಲಲ್ಲೇ ನಿಂತಿರುವ ಅಮ್ಮನಿಗೆ ಏನಂತ ಹೇಳಬೇಕೋ ಅವಳಿಗಿನ್ನೂ ಹೊಳೆದಿರಲಿಲ್ಲ.